ಕಂಬಗಳ ನಡುವೆ ಮೂವತ್ತೆರಡು ಎಣಿಕೆ

ಸಿಂಗಪುರವನ್ನು ನೋಡಿ ಬಂದವರು ಬಹುಮಟ್ಟಿಗೆ ತಲೆಯೆತ್ತಿ ನೋಡಿ ಬಂದವರು. ಮೂರು ಗೋಪುರಗಳ ನೆತ್ತಿಯ ಮೇಲೆ ದೋಣಿಯಂತೆ ಕುಳಿತಿರುವ ಹೋಟೆಲು, ಬಾಯಿಂದ ನೀರು ಚಿಮ್ಮಿಸುವ ಸಿಂಹಮುಖದ ಮೀನು, ಆಕಾಶಕ್ಕೇರಿ ಇಳಿಯುವ ದೈತ್ಯಚಕ್ರ—ಇವುಗಳ ಮುಂದೆ ನಿಂತು ತೆಗೆಸಿಕೊಂಡ ಚಿತ್ರಗಳು ಇಂದು ಬೆಂಗಳೂರು ಮೈಸೂರುಗಳ ಎಷ್ಟೋ ಮನೆಗಳಲ್ಲಿವೆ. ನಾನು ಬರೆಯಹೊರಟಿರುವುದು ಆ ಊರಿನ ಒಂದು ನೆಲದ ವಿಚಾರ. ಪ್ರವಾಸಿಗಳ ಬಸ್ಸು ಅಲ್ಲಿ ನಿಲ್ಲುವುದಿಲ್ಲ, ಟಿಕೆಟ್ಟಿನ ಅಗತ್ಯವಿಲ್ಲ, ಒಳಹೋಗುವುದಕ್ಕೆ ಬಾಗಿಲೂ ಇಲ್ಲ. ಎರಡೂವರೆ ತಿಂಗಳ ಕಾಲ ದಿನಕ್ಕೆ ನಾಲ್ಕಾರು ಸಲ ಆ ನೆಲವನ್ನು ತುಳಿದು ಓಡಾಡಿದ್ದೇನೆ. ಅದರ ಋಣ ನನ್ನ ಮೇಲಿದೆ.

ಆ ದ್ವೀಪದ ನಿವಾಸಿಗಳಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕವರು ಸರ್ಕಾರ ಕಟ್ಟಿಸಿದ ವಸತಿಗಳಲ್ಲಿ ಇರುವವರು. ಇದಕ್ಕಾಗಿಯೇ ಒಂದು ವಸತಿ ಮಂಡಲಿ 1960ರಲ್ಲಿ ಸ್ಥಾಪನೆಯಾಯಿತು. ಮರುವರ್ಷವೇ, 1961ರ ಮೇ 25ರಂದು, ಬುಕಿತ್ ಹೋ ಸ್ವೀ ಎಂಬ ಗುಡಿಸಲುಗಳ ಕೇರಿಗೆ ಬೆಂಕಿ ಬಿದ್ದು ಸುಮಾರು 16,000 ಜನ ಬೀದಿಪಾಲಾದರು. ಅವರಿಗೆ ಸೂರು ಕಟ್ಟಿಕೊಡುವ ಅವಸರದಲ್ಲಿ ಹೊಸ ಮಂಡಲಿಯ ಕೈ ಪಳಗಿತು. ಅಲ್ಲಿಂದೀಚೆಗೆ ಕಟ್ಟಡದ ಮೇಲೆ ಕಟ್ಟಡ, ಊರಿನ ಪಕ್ಕಕ್ಕೆ ಊರು ಎದ್ದುವು.

ನನ್ನ ಮಗಳ ಸಂಸಾರ ಇರುವುದು ತೋವ ಪಾಯೊ ಎಂಬ ಬಡಾವಣೆಯಲ್ಲಿ. 'ತೋವ' ಎಂದರೆ ಹೊಕ್ಕಿಯನ್ ಚೀನೀಯರ ಮಾತಿನಲ್ಲಿ ದೊಡ್ಡದು. 'ಪಾಯೊ' ಎಂಬುದು ಮಲಯ ಭಾಷೆಯ 'ಪಾಯ', ಅಂದರೆ ಜೌಗು. ಹೆಸರೇ ಹೇಳುವಂತೆ ಅದು ಒಂದಾನೊಂದು ಕಾಲಕ್ಕೆ ದೊಡ್ಡ ಜೌಗುನೆಲ. ಆ ಮಂಡಲಿಯವರೇ ಆದ್ಯಂತವಾಗಿ ಯೋಜಿಸಿ ಕಟ್ಟಿದ ಮೊದಲ ಉಪನಗರ ಅದೆಂದು ಅಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 1972ರಲ್ಲಿ ಇಂಗ್ಲೆಂಡಿನ ರಾಣಿ ಎರಡನೆಯ ಎಲಿಜಬೆತ್ ಬಂದಾಗ ಅವರನ್ನು ಕರೆದೊಯ್ದು ತೋರಿಸಿದ್ದು ಇಲ್ಲಿಯ ಒಂದು ಕಟ್ಟಡವನ್ನೇ. 1979ರಲ್ಲಿ ಮಕ್ಕಳಿಗಾಗಿ ಕಟ್ಟಿದ, ಬಣ್ಣದ ಹೆಂಚಿನ ಚೂರುಗಳನ್ನು ಹೊದ್ದ ಡ್ರ್ಯಾಗನ್ನಿನ ಜಾರುಬಂಡೆ ಇಂದಿಗೂ ಅಲ್ಲಿದೆ. ಅದರ ಮೇಲೆ ಜಾರಿದ ಮಕ್ಕಳು ಈಗ ಮೊಮ್ಮಕ್ಕಳನ್ನು ಕರೆತರುವ ವಯಸ್ಸಿಗೆ ಬಂದಿದ್ದಾರೆ.

ಬರಿಯ ನೆಲ

ಈ ಹಳೆಯ ಕಟ್ಟಡಗಳಲ್ಲಿ ನೆಲಮಟ್ಟದ ಅಂತಸ್ತಿನಲ್ಲಿ ಮನೆಗಳಿಲ್ಲ. ಕಂಬಗಳು ಮಾತ್ರ ಇವೆ. ಅದಕ್ಕೆ ವಾಯ್ಡ್ ಡೆಕ್ ಎಂದು ಹೆಸರು. ಬರಿದಾಗಿ ಬಿಟ್ಟ ಅಂತಸ್ತು ಎಂದು ಅರ್ಥ. 1970ರ ದಶಕದಿಂದ ಹೀಗೆ ಬಿಡುವುದು ರೂಢಿಗೆ ಬಂದಿತು. ಮಳೆ ಬಿಸಿಲುಗಳಲ್ಲಿ ನಡೆಯಲು ನೆರಳು, ಗಾಳಿಯಾಡಲು ದಾರಿ, ಚೀನೀಯರು, ಮಲಯರು, ತಮಿಳರು ಒಬ್ಬರನ್ನೊಬ್ಬರು ಎದುರುಗೊಳ್ಳಲು ಒಂದು ಎಡೆ—ಇದು ಕಟ್ಟಿದವರ ಎಣಿಕೆ. ನಮ್ಮ ಹಳ್ಳಿಮನೆಯ ಜಗಲಿಯನ್ನು ಉದ್ದಕ್ಕೆ ಎಳೆದು ಹನ್ನೆರಡು ಅಂತಸ್ತುಗಳ ಕೆಳಗೆ ಹಾಸಿದರೆ ಏನಾದೀತೋ ಅದೇ ಅದು. ಒಂದು ಬದಿಗೆ ಸಾಲಾಗಿ ಅಂಚೆಪೆಟ್ಟಿಗೆಗಳು, ಇನ್ನೊಂದು ಬದಿಗೆ ಲಿಫ್ಟು. ನಡುವೆ ಚದುರಂಗದ ಮನೆಗಳನ್ನು ಕೊರೆದ ಕಲ್ಲಿನ ಮೇಜು, ಸುತ್ತ ಕಲ್ಲಿನ ಪೀಠಗಳು. ಗೋಡೆ ಇರುವ ಒಂದೆರಡು ಕಡೆಗಳಲ್ಲಿ 'ಇಲ್ಲಿ ಕಾಲ್ಚೆಂಡು ಆಡಕೂಡದು' ಎಂಬ ಫಲಕ. ಆ ಫಲಕದ ಮೇಲೆಯೇ ಚೆಂಡಿನ ಗುರುತುಗಳು.

ಮೇಲೆ ಕಿರಿದಾದ ಮನೆಗಳು. ಆದಕಾರಣ ಮನೆಯಲ್ಲಿ ಹಿಡಿಸಲಾರದ್ದೆಲ್ಲ ಕೆಳಗಿಳಿದು ಬರುತ್ತದೆ. ಮಲಯರ ಮದುವೆಯಾದರೆ ಭಾನುವಾರ ಬೆಳಿಗ್ಗೆ ಕಂಬದಿಂದ ಕಂಬಕ್ಕೆ ಬಣ್ಣದ ಬಟ್ಟೆ ಹರಡುತ್ತದೆ, ಕೊಂಪಾಂಗ್ ಎಂಬ ದಮ್ಮಡಿಗಳು ಮೊಳಗುತ್ತವೆ, ಬಿರಿಯಾನಿಯ ಪರಿಮಳ ಒಂಬತ್ತನೆಯ ಅಂತಸ್ತಿಗೆ ಏರುತ್ತದೆ. ಚೀನೀಯರಲ್ಲಿ ಸಾವಾದರೆ ಅದೇ ಕಂಬಗಳ ನಡುವೆ ಪರದೆ ಕಟ್ಟಿ ಶವಪೆಟ್ಟಿಗೆಯನ್ನು ಇರಿಸುತ್ತಾರೆ. ಮೂರು, ಐದು, ಏಳು, ಹೀಗೆ ಬೆಸಸಂಖ್ಯೆಯ ದಿನಗಳು ಅದು ಅಲ್ಲಿರುತ್ತದೆ. ಬಂದವರಿಗೆ ದುಂಡುಮೇಜುಗಳ ಮೇಲೆ ಕಡಲೆಕಾಯಿ, ಕಲ್ಲಂಗಡಿಯ ಬೀಜ, ತಂಪು ಪಾನೀಯ. ಕಷ್ಟಕ್ಕೆ ನೆರವಾಗಲೆಂದು ಅವರು ಬಿಳಿಯ ಲಕೋಟೆಯಲ್ಲಿ ಹಣ ಕೊಡುತ್ತಾರೆ. ಹೊರಡುವಾಗ ಅವರಿಗೆ ಒಂದು ಕೆಂಪು ದಾರ ಸಿಗುತ್ತದೆ. ಸತ್ತವರನ್ನು ರಾತ್ರಿ ಒಂಟಿಯಾಗಿ ಬಿಡಬಾರದೆಂಬ ನಿಯಮವಿರುವುದರಿಂದ, ನಿದ್ದೆ ತಡೆಯಲು ಬಂಧುಗಳು ಬೆಳಗಿನವರೆಗೆ ಇಸ್ಪೀಟು ಆಡುತ್ತಾರೆ.

ನಾವು ಹೋದ ಮೊದಲ ವಾರದಲ್ಲಿಯೇ ಇದನ್ನು ಕಂಡೆವು. ಮಾರುಕಟ್ಟೆಗೆ ಹೋಗಲು ಲಿಫ್ಟಿನಿಂದ ಹೊರಬಂದರೆ ಎದುರಿಗೆ ಹೂವಿನ ಚಕ್ರಗಳು, ಊದುಬತ್ತಿಯ ಹೊಗೆ, ಮೇಜಿನ ಮೇಲೆ ಎಲೆ ಕಲಸುತ್ತಿದ್ದ ಗಂಡಸರು. ನಮ್ಮ ಯಜಮಾನರು ನನ್ನ ಮೊಣಕೈ ಹಿಡಿದು ಬೇಗಬೇಗನೆ ದಾಟಿಸಿದರು. ಅದನ್ನು ನಾನು ನೋಡಬಾರದೆಂದು ಅವರ ಆಸೆ.

ಕಾರಣವನ್ನು ಇಲ್ಲಿ ಹೇಳಬೇಕು. 2023ರ ಏಪ್ರಿಲಿನಲ್ಲಿ ನಮ್ಮ ಹಿರಿಯ ಮಗ ತೀರಿಕೊಂಡ. ಮೂವತ್ತೊಂದು ವರ್ಷ, ನಾಲ್ಕು ದಿನದ ಕಾಯಿಲೆ. ವರ್ಷಾಬ್ದಿಕ ಮುಗಿದ ಮೇಲೆ ಮಗಳು ಬಂದು, "ಅಮ್ಮ, ಸ್ವಲ್ಪ ದಿನ ನನ್ನ ಜೊತೆ ಇರಿ. ಅಪ್ಪನೂ ಬರಲಿ" ಎಂದಳು. 2024ರ ಜೂನ್ ತಿಂಗಳಲ್ಲಿ ಹೊರಟೆವು.

ಮೈಸೂರಿನಲ್ಲಿ ನಮ್ಮ ನೆರೆಹೊರೆಯವರು ಚಿನ್ನದಂಥವರು. ಹದಿನಾಲ್ಕು ತಿಂಗಳು ನಮ್ಮನ್ನು ಎತ್ತಿ ಹಿಡಿದವರು ಅವರೇ. ಆದರೆ ನಾನು ಬಂದರೆ ಮಾತು ತಗ್ಗುತ್ತಿತ್ತು. ಕೊಳಾಯಿಯ ಬಳಿ ನಗುತ್ತಿದ್ದವರು ನನ್ನನ್ನು ಕಂಡೊಡನೆ ನಗೆಯನ್ನು ಬಾಯೊಳಗೆ ಅಡಗಿಸುತ್ತಿದ್ದರು. ಅಂಗಡಿಯ ಶೆಟ್ಟರು ಚಿಲ್ಲರೆ ಎಣಿಸದೆ ಕೊಡುತ್ತಿದ್ದರು. ಆ ಹದಿನಾಲ್ಕು ತಿಂಗಳಲ್ಲಿ ಕೊತ್ತಂಬರಿ ಸೊಪ್ಪು ತುಟ್ಟಿಯಾಯಿತೆಂದು ನನ್ನ ಮುಂದೆ ಯಾರೂ ಗೊಣಗಲಿಲ್ಲ. ದುಃಖವೊಂದು ಕಡೆಗಿರಲಿ, ದುಃಖಿಯಾಗಿಯೇ ಎಲ್ಲರ ಕಣ್ಣಿಗೆ ಬೀಳುವುದೂ ಒಂದು ಭಾರ. ಅದನ್ನು ಇಳಿಸಿಡಲು ಊರಿನಲ್ಲಿ ಎಡೆಯೇ ಇರಲಿಲ್ಲ.

ಸಾಲಾಗಿ ನಿಂತವರು

ಶವಪೆಟ್ಟಿಗೆ ಹೋದ ಎರಡನೆಯ ದಿನ ಮಂಗಳವಾರ. ಸಂಜೆ ಏಳೂವರೆಗೆ ಕೆಳಗಿನಿಂದ ಹಾಡು ಕೇಳಿಸಿತು. ಇಣುಕಿದರೆ ಏನೂ ಕಾಣದು; ಎಲ್ಲ ನಮ್ಮ ಕಾಲಡಿಯಲ್ಲಿಯೇ ನಡೆಯುತ್ತಿತ್ತು. ಹಾಲು ತರುವ ನೆಪ ಮಾಡಿಕೊಂಡು ಕೆಳಗಿಳಿದೆ.

ಮೊನ್ನೆ ಇಸ್ಪೀಟಿನ ಮೇಜುಗಳಿದ್ದ ಜಾಗದಲ್ಲಿ ಇಪ್ಪತ್ತೈದು ಮೂವತ್ತು ಜನ ಸಾಲುಸಾಲಾಗಿ ನಿಂತು ಕುಣಿಯುತ್ತಿದ್ದರು. ಬಹುಪಾಲು ಅರವತ್ತು ದಾಟಿದ ಹೆಂಗಸರು, ನಾಲ್ಕೈದು ಗಂಡಸರು. ಕತ್ತರಿಸಿದ ಬೆಳ್ಳಿಗೂದಲು, ಹೂವಿನ ಅಂಗಿ, ಕ್ಯಾನ್ವಾಸಿನ ಬೂಟು. ಮುಂದೆ ಕಡ್ಡಿಯಂತಹ ಒಬ್ಬ ಉಪಾಧ್ಯಾಯಿನಿ ಕೆನ್ನೆಗೆ ಮೈಕು ಸಿಕ್ಕಿಸಿಕೊಂಡು ಎಣಿಸುತ್ತಿದ್ದರು. ಸಾಲುಗಳ ನಡುವೆ ಕಂಬಗಳು ಅಡ್ಡ ಬರುತ್ತಿದ್ದುವು. ಕಂಬ ಬಂದ ಕಡೆ ಸಾಲು ತುಸು ಬಳಸಿ, ಮುಂದೆ ಮತ್ತೆ ನೇರವಾಗುತ್ತಿತ್ತು. ಅದಕ್ಕಾಗಿ ಯಾರೂ ಬೇಸರಪಟ್ಟಂತೆ ಕಾಣಲಿಲ್ಲ.

ಇದಕ್ಕೆ ಲೈನ್ ಡ್ಯಾನ್ಸ್ ಎನ್ನುತ್ತಾರೆ. ಹುಟ್ಟಿದ್ದು ಅಮೆರಿಕದಲ್ಲಿ; ದನಗಾಹಿಗಳ ಟೋಪಿ, ಬೂಟು, ಗಿಟಾರಿನ ಹಳ್ಳಿಹಾಡುಗಳ ಸಹವಾಸದಲ್ಲಿ ಬೆಳೆದದ್ದು. ಜೊತೆಗಾರ ಬೇಡ, ಕೈ ಹಿಡಿಯುವುದು ಬೇಡ. ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಒಂದೇ ಹೆಜ್ಜೆ ಹಾಕಿದರಾಯಿತು. 1992ರಲ್ಲಿ 'ಏಕಿ ಬ್ರೇಕಿ ಹಾರ್ಟ್' ಎಂಬ ಹಾಡು ಈ ಕುಣಿತವನ್ನು ಲೋಕದ ಮೂಲೆಮೂಲೆಗೆ ಒಯ್ಯಿತು. ಎದೆ ಒಡೆಯುವ ಮಾತಿರುವ ಹಾಡನ್ನು ಹಾಕಿಕೊಂಡು ಜನ ನಗುನಗುತ್ತ ಹೆಜ್ಜೆ ಹಾಕುವುದನ್ನು ನೋಡಿದರೆ ಮನುಷ್ಯಜಾತಿಯ ವಿಷಯದಲ್ಲಿ ಏನು ಹೇಳಬೇಕೋ ತಿಳಿಯದು. ಸಿಂಗಪುರದಲ್ಲಿ ಅದು ಟೋಪಿಯನ್ನೂ ಬೂಟನ್ನೂ ಕಳಚಿ ನೆರೆಮನೆಯ ಅಜ್ಜಿಯರದಾಗಿಬಿಟ್ಟಿದೆ. ಹಾಡು ಚೀನೀಯದಾಗಬಹುದು, ಮಲಯದ್ದಾಗಬಹುದು. ಹೆಜ್ಜೆಯ ಲೆಕ್ಕ ಅದೇ.

ಹಾಲಿನ ಡಬ್ಬ ಹಿಡಿದು ಕಂಬಕ್ಕೆ ಒರಗಿ ನಿಂತ ನನ್ನನ್ನು ಹತ್ತನೆಯ ಅಂತಸ್ತಿನ ಆಂಟಿ ಕಂಡರು. ಅವರ ಹೆಸರನ್ನು ನಾನು ಕೊನೆಯವರೆಗೂ ಕೇಳಲಿಲ್ಲ. ಅಲ್ಲಿ ಹಿರಿಯರೆಲ್ಲ ಆಂಟಿ, ಅಂಕಲ್. ನಮ್ಮ ತಲೆಯ ಮೇಲೆಯೇ ಅವರ ಮನೆ. ಲಿಫ್ಟಿನಲ್ಲಿ ಎರಡು ಸಲ ನಕ್ಕಿದ್ದ ಪರಿಚಯ. ಸಾಲಿನಿಂದ ಈಚೆಗೆ ಬಂದು ಡಬ್ಬವನ್ನು ಕಲ್ಲಿನ ಮೇಜಿನ ಮೇಲಿಟ್ಟು ನನ್ನ ಕೈ ಎಳೆದರು. ನಾನು ಸೀರೆಯನ್ನು ತೋರಿಸಿದೆ. "ಕ್ಯಾನ್, ಕ್ಯಾನ್" ಎಂದರು. ಆಗುತ್ತದೆ, ಬರುತ್ತದೆ, ಅಡ್ಡಿಯಿಲ್ಲ, ಹೂಂ—ಇಷ್ಟಕ್ಕೂ ಆ ಊರಿನಲ್ಲಿ ಇದೊಂದೇ ಮಾತು.

ಆ ದಿನ ನಾನು ಕೈ ಬಿಡಿಸಿಕೊಂಡು ಬಂದೆ. ಮಗ ಹೋಗಿ ವರ್ಷ ತುಂಬಿದ ತಾಯಿ ಬೀದಿಯಲ್ಲಿ ನಿಂತು ಕುಣಿಯುವುದೆಂದರೇನು? ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಪತ್ರಿಕೆಯಿಂದ ತಲೆಯೆತ್ತದೆ, "ಹೋಗು. ಇಲ್ಲಿ ನಮ್ಮನ್ನು ನೋಡುವವರು ಯಾರು?" ಎಂದರು. ಸ್ವಲ್ಪ ಹೊತ್ತಿನ ಮೇಲೆ ಪತ್ರಿಕೆ ಮಡಿಸಿ, "ನೋಡಿದರೂ ನೋಡಲಿ ಬಿಡು" ಎಂದರು.

ಎಣಿಕೆ

ಗುರುವಾರ ಸೆರಗನ್ನು ಸೊಂಟಕ್ಕೆ ಬಿಗಿದು ಹಿಂದಿನ ಸಾಲಿನ ಮೂಲೆಯಲ್ಲಿ ನಿಂತೆ. ಯಜಮಾನರು ನನ್ನ ಚಪ್ಪಲಿ ಮತ್ತು ನೀರಿನ ಬಾಟಲಿಯನ್ನು ಕಾಯುತ್ತ ಕಲ್ಲಿನ ಪೀಠದ ಮೇಲೆ ಕುಳಿತರು.

ಹುಡುಗಿಯಾಗಿದ್ದಾಗ ನವರಾತ್ರಿಯಲ್ಲಿ ಕೋಲಾಟ ಆಡಿದವಳು ನಾನು. ಆದರೆ ಕೋಲಾಟಕ್ಕೆ ಎದುರಿಗೊಬ್ಬರು ಬೇಕು. ಅವರ ಕೋಲಿಗೆ ನಮ್ಮ ಕೋಲು ತಾಕಬೇಕು. ಮುಖಕ್ಕೆ ಮುಖ ಕೊಡಬೇಕು. ಇಲ್ಲಿ ಆ ತೊಡಕಿಲ್ಲ. ಎದುರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ನಮ್ಮ ಮುಖವನ್ನು ಯಾರೂ ನೋಡುವುದಿಲ್ಲ, ನಾವು ಯಾರ ಮುಖವನ್ನೂ ಓದಬೇಕಿಲ್ಲ. ಆದರೂ ಒಂಟಿಯಲ್ಲ, ಸುತ್ತ ಮೂವತ್ತು ಜೊತೆ ಕಾಲುಗಳಿವೆ. ನನ್ನಂಥವಳಿಗೆ ಇದಕ್ಕಿಂತ ಒಪ್ಪುವ ಏರ್ಪಾಡು ಇನ್ನೊಂದಿರಲಾರದು.

ಮೊದಲು ಕಲಿತ ಹೆಜ್ಜೆಗೆ ದ್ರಾಕ್ಷಿಬಳ್ಳಿ ಎಂದು ಹೆಸರು. ಬಲಗಾಲು ಪಕ್ಕಕ್ಕೆ, ಎಡಗಾಲು ಅದರ ಹಿಂದಕ್ಕೆ, ಮತ್ತೆ ಬಲಗಾಲು ಪಕ್ಕಕ್ಕೆ, ಎಡಗಾಲಿನ ತುದಿಯನ್ನು ತಂದು ತಾಕಿಸುವುದು. ನಾಲ್ಕು ಎಣಿಕೆ. ಎಡಕ್ಕೂ ಅದೇ. ಹೀಗೆ ಎಂಟೆಂಟರ ನಾಲ್ಕು ಕಂತುಗಳು ಸೇರಿ ಮೂವತ್ತೆರಡು. ಮೂವತ್ತೆರಡು ಮುಗಿಯುವಾಗ ದೇಹ ಕಾಲುಸುತ್ತು ತಿರುಗಿರಬೇಕು. ಅಲ್ಲಿಂದ ಹೊಸ ದಿಕ್ಕಿಗೆ ಮತ್ತೆ ಮೊದಲಿನಿಂದ ಹೆಜ್ಜೆ. ಈ ಒಂದೊಂದು ದಿಕ್ಕಿಗೂ ಗೋಡೆ ಎನ್ನುತ್ತಾರೆ. ಗೋಡೆಯೇ ಇಲ್ಲದ ಆ ಜಾಗದಲ್ಲಿ ನಮಗೆ ನಾಲ್ಕು ಗೋಡೆಗಳಿದ್ದುವು. ಒಂದನೆಯದಕ್ಕೆ ಅಂಚೆಪೆಟ್ಟಿಗೆಗಳು, ಎರಡನೆಯದಕ್ಕೆ ರಸ್ತೆ, ಮೂರನೆಯದಕ್ಕೆ ಲಿಫ್ಟು, ನಾಲ್ಕನೆಯದಕ್ಕೆ ಮಕ್ಕಳ ಉಯ್ಯಾಲೆ.

ಇದರಲ್ಲಿ ಹೊಸಬರಿಗೆ ಒಂದು ಪೇಚಿದೆ. ಮುಂದಿನವರನ್ನು ನೋಡಿ ಕಲಿಯೋಣವೆಂದು ನಾವು ಹಿಂದಿನ ಸಾಲು ಹಿಡಿಯುತ್ತೇವೆ. ಎರಡು ಸಲ ತಿರುಗಿದೊಡನೆ ಹಿಂದಿನ ಸಾಲೇ ಮುಂದಿನ ಸಾಲು! ಎದುರಿಗೆ ಲಿಫ್ಟಿನ ಬಾಗಿಲು ಬಿಟ್ಟರೆ ಇನ್ನೇನೂ ಇಲ್ಲ. ನೋಡಿಕೊಂಡು ಮಾಡಲು ಯಾರೂ ಇಲ್ಲ. ಮೂವತ್ತೆರಡು ಎಣಿಕೆಯಷ್ಟು ಕಾಲ ನಮ್ಮ ಕಾಲುಗಳನ್ನು ನಾವೇ ನಂಬಬೇಕು. ಇದಲ್ಲದೆ ಕೆಲವು ಹಾಡುಗಳಲ್ಲಿ ಮೂವತ್ತೆರಡು ಮುಗಿಯುವ ಮೊದಲೇ ಸಂಗೀತ ಹೊರಳಿಬಿಡುತ್ತದೆ. ಆಗ ಹದಿನಾರಕ್ಕೆ ನಿಲ್ಲಿಸಿ ಮೊದಲಿನಿಂದ ಆರಂಭಿಸಬೇಕು. "ರೀಸ್ಟಾರ್ಟ್!" ಎಂದು ಉಪಾಧ್ಯಾಯಿನಿ ಕೂಗುತ್ತಿದ್ದರು. ಹಾಡು ಮುಂದೆ ಹೋಗುತ್ತಿರುತ್ತದೆ. ನಮ್ಮ ಹೆಜ್ಜೆ ಮಾತ್ರ ಮೊದಲಿಗೆ.

ಮೊದಲ ನಾಲ್ಕು ತರಗತಿಗಳಲ್ಲಿ ನಾನು ಎಲ್ಲರಿಗಿಂತ ಒಂದು ಹೆಜ್ಜೆ ಹಿಂದೆ. ಐದನೆಯ ದಿನ, ಹೇಗೋ, ಒಂದು ಇಡೀ ಹಾಡು ತಪ್ಪಿಲ್ಲದೆ ಮುಗಿಯಿತು. ಆಂಟಿ ಹೆಬ್ಬೆರಳೆತ್ತಿದರು. ಯಜಮಾನರು ಪೀಠದಿಂದ ಎದ್ದು ನಿಂತಿದ್ದರು. ಬೆವರು ಒರೆಸಿಕೊಂಡು ಲಿಫ್ಟು ಹತ್ತಿದ ಮೇಲೆ ನನಗೆ ಹೊಳೆಯಿತು—ಆ ಹಾಡಿನ ನಾಲ್ಕು ನಿಮಿಷ ನಾನು ಅವನನ್ನು ನೆನೆದಿರಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಅಂಥ ನಾಲ್ಕು ನಿಮಿಷ ಬಂದಿರಲಿಲ್ಲ. ಎದೆ ಧಸಕ್ಕೆಂದಿತು. ಜಾತ್ರೆಯಲ್ಲಿ ಹಿಡಿದಿದ್ದ ಮಗುವಿನ ಕೈ ಬಿಟ್ಟುಹೋದರೆ ಆಗುತ್ತದಲ್ಲ, ಅಂಥ ಗಾಬರಿ. ಎಲ್ಲಿ ಬಿಟ್ಟೆ, ಎಲ್ಲಿ ಬಿಟ್ಟೆ ಎಂದು ಮನಸ್ಸು ಹಿಂದಕ್ಕೆ ಓಡಿತು. ಲಿಫ್ಟು ಒಂಬತ್ತನೆಯ ಅಂತಸ್ತಿಗೆ ಬರುವಷ್ಟರಲ್ಲಿ ಅವನು ಇದ್ದಲ್ಲಿಯೇ ಇದ್ದ. ಎಲ್ಲಿಗೂ ಹೋಗಿರಲಿಲ್ಲ.

ಆ ರಾತ್ರಿ ಸಾರಿಗೆ ಉಪ್ಪು ಕಡಮೆಯಾಗಿದೆ ಎಂದೆ. ಮಗಳು ಸೌಟು ಹಿಡಿದು ನನ್ನನ್ನೇ ನೋಡಿದಳು. ಅಷ್ಟು ದಿನ ಉಪ್ಪಿದ್ದರೂ ಇಲ್ಲದಿದ್ದರೂ ಉಂಡು ಏಳುತ್ತಿದ್ದವಳು ನಾನು.

ಎಷ್ಟು ಮಕ್ಕಳು?

ತರಗತಿ ಮುಗಿದ ಮೇಲೆ ನಾಲ್ಕಾರು ಜನ ರಸ್ತೆಯಾಚೆಯ ಕಾಫಿ ಅಂಗಡಿಗೆ ಹೋಗುವುದು ವಾಡಿಕೆ. ಅಲ್ಲಿಯ ಕಾಫಿಗೆ ಕೊಪಿ ಎನ್ನುತ್ತಾರೆ. ಬೀಜವನ್ನು ಸಕ್ಕರೆ, ಬೆಣ್ಣೆಯ ಜೊತೆ ಕಪ್ಪಗೆ ಹುರಿದು, ಪುಡಿಯನ್ನು ಉದ್ದನೆಯ ಬಟ್ಟೆಯ ಚೀಲದಲ್ಲಿ ಸೋಸಿ, ಗಟ್ಟಿಹಾಲು ಬೆರೆಸಿ ಕೊಡುತ್ತಾರೆ. 'ಕೊಪಿ ಓ' ಎಂದರೆ ಹಾಲಿಲ್ಲದ್ದು, 'ಕೊಸೊಂಗ್' ಎಂದು ಸೇರಿಸಿದರೆ ಸಕ್ಕರೆಯೂ ಇಲ್ಲ. ಮೈಸೂರಿನ ಡಿಕಾಕ್ಷನ್ನಿನ ನಾಲಗೆಗೆ ಅದು ಬೇರೆಯೇ ಜಾತಿಯ ಪಾನೀಯ. ಮೂರನೆಯ ವಾರದಲ್ಲಿ ನಾನು ಅದಕ್ಕಾಗಿ ಕಾಯತೊಡಗಿದ್ದೆ.

ಅಂಥ ಒಂದು ಸಂಜೆ ಆಂಟಿ ಕೇಳಿದರು: "ನಿಮಗೆ ಎಷ್ಟು ಮಕ್ಕಳು?"

ಊರಿನಲ್ಲಿ ನನ್ನನ್ನು ಹೀಗೆ ಕೇಳುವವರಿಲ್ಲ, ಎಲ್ಲರಿಗೂ ಗೊತ್ತು. ರೈಲಿನಲ್ಲಿ ಒಬ್ಬಾಕೆ ಕೇಳಿದಾಗ ಕಿಟಕಿಯ ಕಡೆ ತಿರುಗಿಬಿಟ್ಟಿದ್ದೆ. ಒಬ್ಬಳು ಎಂದರೆ ಅವನನ್ನು ನಾನೇ ಅಳಿಸಿದಂತೆ. ಇಬ್ಬರು ಎಂದರೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಲೋಟವನ್ನು ಕೆಳಗಿಟ್ಟು, "ಇಬ್ಬರು. ಒಬ್ಬಳು ಇದ್ದಾಳೆ" ಎಂದೆ.

ಆಂಟಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನಗೆ ಮೂವರು. ಇಬ್ಬರಿದ್ದಾರೆ" ಎಂದರು.

ಅವರ ನಡುವಿನ ಮಗಳು ತೀರಿಕೊಂಡದ್ದು 2016ರಲ್ಲಿ. ಐದು ದಿನ ಅವಳನ್ನು ಇರಿಸಿದ್ದು ಇದೇ ಕಟ್ಟಡದ ಕೆಳಗೆ, ಇದೇ ಕಂಬಗಳ ನಡುವೆ. ನೆರೆತ ಕೂದಲಿನವರು ಕಪ್ಪು ಕೂದಲಿನವರನ್ನು ಕಳುಹಿಸಿಕೊಡುವುದು ಚೀನೀಯರಲ್ಲಿ ಎಲ್ಲಕ್ಕಿಂತ ದೊಡ್ಡ ಸಂಕಟ. ಹಿರಿಯರು ಕಿರಿಯರ ಶವಕ್ಕೆ ಕೈಮುಗಿಯುವಂತಿಲ್ಲ. ಹಳೆಯ ಸಂಪ್ರದಾಯದ ಮನೆಗಳಲ್ಲಿ ತಂದೆತಾಯಿಗಳು ಅಂತ್ಯಯಾತ್ರೆಗೆ ಹೋಗುವುದೂ ಇಲ್ಲ. ಅವರ ಗಂಡನ ಮನೆಯವರು ಹಳೆಯ ಕಾಲದವರು. ಕೆಳಗೆ ಮಂತ್ರ, ಗಂಟೆ, ಜನ. ಹತ್ತನೆಯ ಅಂತಸ್ತಿನಲ್ಲಿ ಇವರು. ಕಿಟಕಿಯಲ್ಲಿ ಊದುಬತ್ತಿಯ ಹೊಗೆ ಬರುತ್ತಿತ್ತಂತೆ.

"ಮೂರನೆಯ ರಾತ್ರಿ ಲಿಫ್ಟಿನಲ್ಲಿ ಇಳಿದೆ. ಬಾಗಿಲು ತೆರೆಯಿತು. ಅಲ್ಲಿಯೇ ಕಾಣಿಸುತ್ತಿತ್ತು. ನಾನು ಹೊರಗೆ ಕಾಲಿಡಲಿಲ್ಲ. ಬಾಗಿಲು ಮುಚ್ಚಿತು. ಮತ್ತೆ ಹತ್ತನ್ನು ಒತ್ತಿದೆ."

ನಮ್ಮ ಕಡೆಯೂ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲವೆಂದು ಹೇಳಿದೆ. ನಾನು ನಿಂತದ್ದು ಹೊಸ್ತಿಲಿನಲ್ಲಿ. ಬೀದಿಯ ತಿರುವಿನವರೆಗೆ ಕಾಣುತ್ತಿತ್ತು, ಆಮೇಲೆ ಕಾಣಲಿಲ್ಲ ಎಂದೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ, ಅವರದು ಇನ್ನೊಂದು ಬಗೆ. ಆದರೂ ತಿಳಿಯದೆ ಉಳಿದ ಮಾತಿರಲಿಲ್ಲ.

ಅದೇ ನೆಲದ ಮೇಲೆ ಕುಣಿಯಲು ಮನಸ್ಸು ಹೇಗೆ ಬಂದಿತೆಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತೋ ಏನೋ. "ಮೀನು ತರಬೇಕು, ತರಕಾರಿ ತರಬೇಕು. ಲಿಫ್ಟಿನಿಂದ ಹೊರಗೆ ಬೇರೆ ದಾರಿ ಇಲ್ಲವಲ್ಲ. ದಿನಕ್ಕೆ ನಾಲ್ಕು ಸಲ ಅದರ ಮೇಲೆಯೇ ನಡೆಯಬೇಕು. ನಡೆದು ನಡೆದು ಒಂದು ದಿನ ಅವರ ಸಾಲಿನಲ್ಲಿ ನಿಂತೆ" ಎಂದರು. ಆಮೇಲೆ ನನ್ನ ಬೂಟಿಲ್ಲದ ಕಾಲು ನೋಡಿ, ಮಾರುಕಟ್ಟೆಯ ಬಳಿ ಅಗ್ಗದ ಬೂಟು ಸಿಗುತ್ತದೆ, ನಾಳೆ ತೋರಿಸುತ್ತೇನೆ ಎಂದರು.

ಮರುದಿನ ಬೂಟು ಕೊಂಡೆ. ಮಗ ಹೋದಮೇಲೆ ನನಗೆಂದು ನಾನು ಕೊಂಡ ಮೊದಲ ವಸ್ತು ಅದು. ಬರುವಾಗ ಹಿಡಿ ಕೊತ್ತಂಬರಿ ಸೊಪ್ಪಿಗೆ ಹೇಳಿದ ಬೆಲೆ ಕೇಳಿ ಅಂಗಡಿಯವಳ ಜೊತೆ ಚೌಕಾಸಿ ಮಾಡಿದೆ. ಅವಳು ಒಂದು ಕಾಸೂ ಬಿಡಲಿಲ್ಲ. ಇಬ್ಬರೂ ನಕ್ಕೆವು.

ಹಿರಿಯರ ತಿಂಗಳು

ಆಗಸ್ಟ್ 4ರಂದು ಚೀನೀಯರ ಏಳನೆಯ ತಿಂಗಳು ಕಾಲಿಟ್ಟಿತು. ಮರುದಿನವೇ ನಮ್ಮ ಶ್ರಾವಣ. ನಮಗೆ ಅದು ಹಬ್ಬಗಳ ಸಾಲು; ಅವರಿಗೆ ಪಿತೃಗಳು ಭೂಮಿಗೆ ಮರಳುವ ಕಾಲ. ಕಟ್ಟಡಗಳ ಬಳಿ ಇರಿಸಿದ ಲೋಹದ ತೊಟ್ಟಿಗಳಲ್ಲಿ ಜನ ಕಾಗದದ ನೋಟುಗಳನ್ನು ಸುಟ್ಟು ಸತ್ತವರಿಗೆ ಕಳುಹಿಸುತ್ತಾರೆ. ಹುಲ್ಲಿನ ಅಂಚಿನಲ್ಲಿ ಕಿತ್ತಳೆಹಣ್ಣು, ಅನ್ನ, ಊದುಬತ್ತಿ. ಬಯಲಿನಲ್ಲಿ ಗೆತೈ ಎಂಬ ಹಾಡಿನ ಮೇಳಗಳು ನಡೆಯುತ್ತವೆ. ಮಿರುಗುವ ಉಡುಪಿನ ಗಾಯಕಿಯರು, ಕಣ್ಣು ಕೋರೈಸುವ ದೀಪಗಳು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಮಾತ್ರ ಯಾರೂ ಕೂರುವುದಿಲ್ಲ. ಅವು ಬಂದಿರುವ ಪಿತೃಗಳಿಗೆ.

ಒಂದು ರಾತ್ರಿ ಅಲ್ಲಿಗೆ ಹೋಗಿದ್ದೆವು. ಯಜಮಾನರು ಖಾಲಿ ಕುರ್ಚಿಗಳನ್ನು ಬಹಳ ಹೊತ್ತು ನೋಡಿದರು. ಮಗನ ಹೆಸರನ್ನು ಅವರು ಬಾಯಲ್ಲಿ ಆಡುವುದೇ ನಿಂತುಹೋಗಿತ್ತು. ಆ ರಾತ್ರಿ, "ಅವನಿಗೆ ಇಂಥ ಗದ್ದಲವೆಂದರೆ ಇಷ್ಟ" ಎಂದರು. ಎಡೆಯಿಟ್ಟು ಕಾಗೆಯನ್ನು ಕರೆಯುವ ನಮಗೆ ಆ ಕುರ್ಚಿಗಳು ಅಪರಿಚಿತವೆನಿಸಲಿಲ್ಲ.

ಆ ತಿಂಗಳ ಕೊನೆಯ ವಾರ ನಮ್ಮ ಕಟ್ಟಡದಲ್ಲಿ ಮತ್ತೊಂದು ಸಾವಾಯಿತು. ನಾಲ್ಕನೆಯ ಅಂತಸ್ತಿನ ವೃದ್ಧರೊಬ್ಬರು. ಮಂಗಳವಾರ ಪರದೆ ಕಟ್ಟಿತ್ತು. ಉಪಾಧ್ಯಾಯಿನಿ ತರಗತಿಯನ್ನು ಎರಡು ಕಟ್ಟಡಗಳಾಚೆಗೆ ಒಯ್ದು, ಹಾಡಿನ ದನಿ ತಗ್ಗಿಸಿದರು. ತರಗತಿ ಮುಗಿದ ಮೇಲೆ ಅದೇ ಬೂಟು ಕಾಲಿನಲ್ಲಿ ಎಲ್ಲರೂ ಸಾಲಾಗಿ ಬಂದು, ದುಂಡುಮೇಜಿನ ಸುತ್ತ ಹತ್ತು ನಿಮಿಷ ಕುಳಿತು ಕಡಲೆಕಾಯಿ ಸುಲಿದರು. ಈ ಸಲ ಯಜಮಾನರು ನನ್ನ ಮೊಣಕೈ ಹಿಡಿಯಲಿಲ್ಲ. ನನ್ನ ಪಕ್ಕದಲ್ಲಿ ಕುಳಿತು ತಾವೂ ಒಂದೆರಡು ಸುಲಿದರು. ಹೊರಟಾಗ ನಮಗೂ ಕೆಂಪು ದಾರ ಸಿಕ್ಕಿತು.

ಆಮೇಲಿನ ಮಂಗಳವಾರ ಮೇಜು ಪರದೆಗಳು ಹೋಗಿದ್ದುವು. ನೆಲ ತೊಳೆದಿದ್ದರು, ಕಂಬಗಳ ಬುಡದಲ್ಲಿ ಇನ್ನೂ ತೇವವಿತ್ತು. ಏಳೂವರೆಗೆ ಸಾಲುಗಳು ನಿಂತುವು. ಆಂಟಿ ತಮ್ಮ ಎಂದಿನ ಜಾಗದಲ್ಲಿ, ಲಿಫ್ಟಿಗೆ ಎದುರಾಗಿ. ಅವರ ಎಡಕ್ಕೆ ನಾನು. ಮೂರನೆಯ ಗೋಡೆಗೆ ತಿರುಗಿದಾಗ ನಾವಿಬ್ಬರೂ ಮುಂದಿನ ಸಾಲಿನಲ್ಲಿದ್ದೆವು. ಲಿಫ್ಟಿನ ಬಾಗಿಲು ತೆರೆಯಿತು. ಶಾಲೆಯ ಚೀಲ ಹೊತ್ತ ಹುಡುಗನೊಬ್ಬ ಹೊರಬಂದು ನಮ್ಮ ಸಾಲಿನ ನಡುವೆಯೇ ನುಗ್ಗಿ ಹೋದ. ಅವನಿಗೆ ದಾರಿ ಬಿಟ್ಟೂ ನಾವು ಎಣಿಕೆ ತಪ್ಪಲಿಲ್ಲ.

ಸೆಪ್ಟೆಂಬರ್ ಮೊದಲ ವಾರದಲ್ಲಿ ಹೊರಟು ಬಂದೆವು. ಮೈಸೂರಿನ ಮನೆ ಇದ್ದಂತೆಯೇ ಇದೆ. ಮಗನ ಕೋಣೆಯ ಕಿಟಕಿಯನ್ನು ಬೆಳಿಗ್ಗೆ ತೆರೆಯುತ್ತೇನೆ, ಸಂಜೆ ಮುಚ್ಚುತ್ತೇನೆ. ದುಃಖ ಕಡಮೆಯಾಯಿತೇ ಎಂದು ಕೇಳಿದವರಿಗೆ ಉತ್ತರ ಹೇಳಲಾರೆ. ಅದನ್ನು ಅಳೆಯುವ ಪಡಿ ನನ್ನಲ್ಲಿಲ್ಲ. ಆದರೆ ಅದರ ನಡುವೆಯೇ ಸ್ವಲ್ಪ ಸ್ವಲ್ಪ ಜಾಗ ಬಿಟ್ಟಿದೆ. ಅಲ್ಲಿ ಉಪ್ಪು, ಸೊಪ್ಪು, ನೆರೆಮನೆಯ ಜಗಳ, ಇವೆಲ್ಲ ಬಂದು ಹೋಗುತ್ತವೆ. ಕೊಳಾಯಿಯ ಬಳಿ ನಗುತ್ತಿದ್ದವರು ನನ್ನನ್ನು ಕಂಡು ಸುಮ್ಮನಾದರೆ, ಏನದು, ನನಗೂ ಹೇಳಿ ಎನ್ನುತ್ತೇನೆ. ಈಗೀಗ ಹೇಳುತ್ತಾರೆ.

ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಏಳೂವರೆಯಾದಾಗ ಇಲ್ಲಿ ಐದು. ಮಂಗಳವಾರ, ಗುರುವಾರ ಐದು ಗಂಟೆಗೆ ನಾನು ಸಾಮಾನ್ಯವಾಗಿ ಅಡಿಗೆಮನೆಯಲ್ಲಿ ಕಾಫಿ ಸೋಸುತ್ತಿರುತ್ತೇನೆ. ಬಲಗಾಲು ಪಕ್ಕಕ್ಕೆ, ಎಡಗಾಲು ಹಿಂದಕ್ಕೆ. ನಡುಮನೆಯಲ್ಲಿ ಪತ್ರಿಕೆ ಓದುವ ಯಜಮಾನರು, "ಕಾಫಿ ಆಯಿತೇನೆ?" ಎಂದು ಕೇಳುತ್ತಾರೆ. ಎಣಿಕೆ ಮುಗಿಯದೆ ನಾನು ಉತ್ತರ ಕೊಡುವುದಿಲ್ಲ.